ಕಾಫಿ ತೋಟದಲ್ಲಿ ಕಾಡುಮರ ಉಳಿಸಿ ಬೆಳೆಸುವುದು ಹೇಗೆ? ಕೊಡಗಿನ ಬೆಳೆಗಾರರಿಗೆ ಹಂತ ಹಂತದ ಮಾಹಿತಿ

ಮೇ ತಿಂಗಳು ಬಂತೆಂದರೆ ಇದೇ ಪ್ರಶ್ನೆ. "ತೋಟದ ತುಂಬ ಸಿಲ್ವರ್ ಓಕ್ ಮರವೇ ಆಗಿಬಿಟ್ಟಿದೆ. ಸ್ವಲ್ಪ ಕಾಡುಮರ ಹಾಕೋಣ ಅಂತಿದ್ದೀನಿ, ಯಾವ ಗಿಡ ತರಲಿ?" ಸುಂಟಿಕೊಪ್ಪದವರೂ ಕೇಳುತ್ತಾರೆ, ಸಿದ್ದಾಪುರದವರೂ ಕೇಳುತ್ತಾರೆ, ನಾಪೋಕ್ಲಿನವರೂ ಕೇಳುತ್ತಾರೆ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಗಿಡ ತರುವುದು ಈ ಕೆಲಸದಲ್ಲಿ ಐದನೇ ಹಂತ. ಮೊದಲ ಹಂತವೇ ಅದು ಅಂದುಕೊಂಡು ಜೀಪಿನ ತುಂಬ ಸಸಿ ತಂದವರ ತೋಟದಲ್ಲಿ ಎರಡು ವರ್ಷ ಕಳೆದ ಮೇಲೆ ಹುಡುಕಿದರೂ ಒಂದು ಸಸಿ ಸಿಗುವುದಿಲ್ಲ.

ತೋಟದ ಮರಕ್ಕೂ ಜೀವಿಗಳ ಅಳಿವಿಗೂ ಏನು ಸಂಬಂಧ ಅಂತ ಕೆಲವರು ಕೇಳುತ್ತಾರೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳು 2012ರಿಂದ ಪಶ್ಚಿಮ ಘಟ್ಟದ ವಿಶ್ವ ಪರಂಪರೆ ತಾಣದಲ್ಲಿ ಸೇರಿವೆ. ಪೂರ್ವಕ್ಕೆ ನಾಗರಹೊಳೆ ಇದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಆದರೆ ಜಾಸ್ತಿ ಪಾಲು ಪುಟ್ಟ ಪುಟ್ಟವು. ಇವೆಲ್ಲದರ ನಡುವೆ ಇರುವುದು ನಮ್ಮ ತೋಟಗಳು. ಒಂದು ದೇವರಕಾಡಿನಿಂದ ಇನ್ನೊಂದಕ್ಕೆ ಮಂಗಟ್ಟೆ ಹಾರಬೇಕಾದರೆ ನಡುವೆ ಕೂರುವುದು ನಮ್ಮ ಅತ್ತಿ ಮರದ ಮೇಲೆ. ಆ ಮರ ಹೋದರೆ ಕಾಡು ಇದ್ದೂ ಹಕ್ಕಿಗೆ ದಾರಿ ಇಲ್ಲ.

ಎರಡು ಪದ ಮುಂದೆ ಪದೇ ಪದೇ ಬರುತ್ತವೆ. ಎಂಡೆಮಿಕ್ ಅಂದರೆ ಒಂದು ಪ್ರದೇಶ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಜೀವಿ. ನಮ್ಮ ಧೂಪದ ಮರ, ಮಲಬಾರ್ ಬೂದು ಮಂಗಟ್ಟೆ ಎರಡೂ ಪಶ್ಚಿಮ ಘಟ್ಟದ ಎಂಡೆಮಿಕ್. ಕೆಂಪು ಪಟ್ಟಿ ಅಂದರೆ ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಇದೆ ಎಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಮಾಡುವ ಪಟ್ಟಿ. ಬೀಟೆ, ಅಶೋಕ, ಮಲಬಾರ್ ಬೂದು ಮಂಗಟ್ಟೆ, ದೊಡ್ಡ ಮಂಗಟ್ಟೆ ಎಲ್ಲವೂ ಅದರಲ್ಲಿ 'ಅಪಾಯಕ್ಕೆ ಈಡಾಗಬಲ್ಲವು' ಎಂಬ ದರ್ಜೆಯಲ್ಲಿವೆ. ಸಿಂಗಳೀಕ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, 'ಅಳಿವಿನಂಚಿನಲ್ಲಿ'.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ದರ್ಜಿಯ ಅಳತೆ ಟೇಪು, ಬಿಳಿ ಪೇಂಟು, ಬಿದಿರಿನ ಕಡ್ಡಿಗಳು. ಜಾಗದ ಆರ್‌ಟಿಸಿ, ಅಂದರೆ ಪಹಣಿ. ಮರ ಗುರುತಿಸಬಲ್ಲ ಒಬ್ಬರು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ತೋಟದ ಲೈನಿನಲ್ಲೇ, ಅಂದರೆ ಕೆಲಸದವರ ಮನೆಗಳ ಸಾಲಿನಲ್ಲೇ, ಇರುವ ಎರವ ಅಥವಾ ಜೇನುಕುರುಬ ಬುಡಕಟ್ಟಿನ ಹಿರಿಯರಿಗೆ ಮರದ ತೊಗಟೆ ನೋಡಿದರೆ ಸಾಕು, ಹೆಸರು ಹೇಳುತ್ತಾರೆ. ಅವರನ್ನು ಕರೆದುಕೊಂಡು ಹೋದ ದಿನಕ್ಕೆ ಪೂರ್ತಿ ಕೂಲಿ ಕೊಡಿ. ಸುಮ್ನೆ ಬಿಟ್ಟಿ ಮಾಹಿತಿ ಅಂದುಕೊಳ್ಳಬೇಡಿ.

1. ಇರುವುದನ್ನು ಎಣಿಸಿ

ತೋಟವನ್ನು ಎಕರೆ ಎಕರೆಯಾಗಿ ಭಾಗ ಮಾಡಿಕೊಳ್ಳಿ. ಪ್ರತಿ ಭಾಗದಲ್ಲಿ ಸಿಲ್ವರ್ ಬಿಟ್ಟು ಉಳಿದ ಎಲ್ಲ ಮರದ ಹೆಸರು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಅದರ ಸುತ್ತಳತೆ ಬರೆಯಿರಿ. ಪೊಟರೆ ಇದೆಯಾ, ಹೆಜ್ಜೇನು ಕಟ್ಟುತ್ತದಾ, ಯಾವ ತಿಂಗಳು ಹಣ್ಣು ಬರುತ್ತದೆ, ಗೊತ್ತಿದ್ದಷ್ಟು ಪಕ್ಕದಲ್ಲಿ ಬರೆದಿಡಿ.

ಆಮೇಲೆ ಪುಟ ತಿರುಗಿಸಿ ಇನ್ನೊಂದು ಲೆಕ್ಕ ಮಾಡಿ. ಅದೇ ಜಾತಿಯ ಮರಗಳಲ್ಲಿ ಎರಡಡಿಗಿಂತ ಕಡಿಮೆ ಸುತ್ತಳತೆಯವು ಎಷ್ಟಿವೆ? ಸೊಂಟದೆತ್ತರದ ಸಸಿ ಎಷ್ಟಿವೆ?

ಬಹುತೇಕ ತೋಟದಲ್ಲಿ ಇಲ್ಲೇ ಬಣ್ಣ ಬಯಲಾಗುತ್ತದೆ. ಇಬ್ಬರು ಕೈ ಹಿಡಿದು ತಬ್ಬಬೇಕಾದ ಮತ್ತಿ, ನಂದಿ, ಹೆಬ್ಬಲಸು ಇರುತ್ತವೆ. ಅವುಗಳ ಸಸಿ ಒಂದೂ ಇರುವುದಿಲ್ಲ. ಅಜ್ಜ ಅಜ್ಜಿ ಮಾತ್ರ ಇದ್ದು ಮಕ್ಕಳು ಮೊಮ್ಮಕ್ಕಳಿಲ್ಲದ ಮನೆ ಅದು. ನೋಡಲು ತೋಟ ಹಸಿರಾಗಿಯೇ ಇರುತ್ತದೆ. ಆದರೆ ಒಂದು ಗಾಳಿಮಳೆಗೆ ಆ ಮರ ಬಿದ್ದ ದಿನ ಆ ಜಾತಿಯೇ ನಿಮ್ಮ ತೋಟದಿಂದ ಹೋದಂತೆ. ಊರಿನಲ್ಲಿ ಎಲ್ಲರ ತೋಟದಲ್ಲೂ ಹೀಗೇ ಆದರೆ ಊರಿನಿಂದಲೇ ಹೋಗುತ್ತದೆ. ಅಳಿವು ಅನ್ನುವುದು ಕಣ್ಣಿಗೆ ಕಾಣದೆ ನಡೆಯುವುದು ಹೀಗೆ. ಕಾರಣ ದೂರ ಹುಡುಕಬೇಕಿಲ್ಲ. ವರ್ಷಕ್ಕೆ ಎರಡು ಮೂರು ಸಲ ನಾವು ಮಾಡಿಸುವ ಕಳೆ ಕೆಲಸದಲ್ಲಿ ಹುಲ್ಲಿನ ಜೊತೆ ಸಸಿಗಳೂ ಹೋಗುತ್ತವೆ.

ಎಚ್ಚರಿಕೆ: ಒಣಗಿ ನಿಂತ ಮರವನ್ನು 'ಸತ್ತದ್ದು' ಅಂತ ಪಟ್ಟಿಯಿಂದ ಬಿಡಬೇಡಿ. ಮನೆ, ಲೈನು, ರಸ್ತೆ, ಕರೆಂಟು ತಂತಿಗೆ ದೂರ ಇದ್ದರೆ ಅದನ್ನು ಹಾಗೇ ಬಿಡಿ. ಮರಕುಟುಕ, ಕುಟ್ರು ಹಕ್ಕಿ ಗೂಡು ಕೊರೆಯುವುದೇ ಅಂಥ ಮರದಲ್ಲಿ.

2. ಜಾಗದ ಹಕ್ಕು ಮತ್ತು ಕಾನೂನು ನೋಡಿಕೊಳ್ಳಿ

ಬೇಸರದ ಕೆಲಸ. ಆದರೂ ಇದನ್ನು ಹಾರಿಸಬೇಡಿ. ನಮ್ಮಲ್ಲಿ ಜಮ್ಮಾ ಬಾಣೆ (ವಂಶಪಾರಂಪರ್ಯವಾಗಿ ಬಂದ ಜಾಗ), ಸಾಗು ಜಮೀನು, ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ನಾನಾ ಬಗೆ. ಸರಳವಾಗಿ ಹೇಳುವುದಾದರೆ, ಮರದ ಬೆಲೆಯನ್ನು ಹಿಂದೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡ ಜಾಗ ರಿಡೀಮ್ಡ್. ಕಟ್ಟದೇ ಉಳಿದದ್ದು ಅನ್‌ರಿಡೀಮ್ಡ್, ಅಲ್ಲಿನ ಕಾಡುಮರದ ಮೇಲೆ ಸರ್ಕಾರದ ಹಕ್ಕು ಇರುತ್ತದೆ. ನಿಮ್ಮದು ಯಾವುದು ಅಂತ ಕಾಗದ ನೋಡಿ ತಿಳಿದುಕೊಳ್ಳಿ, ಊಹೆ ಬೇಡ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಇದರ ಪ್ರಕಾರ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ. ಸಾಮಾನ್ಯ ಕಾಡುಮರಕ್ಕೆ ಬೇಕು. ಆಸ್ಟ್ರೇಲಿಯಾದಿಂದ ಬಂದ ಈ ಸಿಲ್ವರ್ ಕೊಡಗಿನ ತೋಟದಲ್ಲಿ ಇಷ್ಟು ಹರಡಲು ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೇರ ಕಂಬ ಆಗುತ್ತದೆ ಅನ್ನುವುದು ಅರ್ಧ ಕಾರಣ. ಕಚೇರಿ ಅಲೆಯದೆ ಕಡಿದು ಮಾರಬಹುದು ಅನ್ನುವುದು ಉಳಿದರ್ಧ. ಮರ ಉಳಿಸಲೆಂದು ಮಾಡಿದ ನಿಯಮವೇ ಹೊಸ ಕಾಡುಮರ ನೆಡಲು ಜನ ಹಿಂಜರಿಯುವಂತೆ ಮಾಡಿದೆ ಅನ್ನುವುದು ನನ್ನ ಅಭಿಪ್ರಾಯ. ಆದರೆ ನಿಯಮ ಇರುವವರೆಗೆ ಅದರೊಳಗೇ ನಡೆಯಬೇಕು, ಅಲ್ವಾ?

ಹಾಗಾಗಿ ನೀವು ನೆಡುವ ಪ್ರತಿ ಕಾಡುಮರಕ್ಕೆ ದಾಖಲೆ ಇಟ್ಟುಕೊಳ್ಳಿ. ಸರ್ವೆ ನಂಬರ್, ನೆಟ್ಟ ವರ್ಷ, ಫೋಟೊ, ಸಸಿ ಕೊಂಡ ರಸೀದಿ. ಮುಂದೆ ನಿಮ್ಮ ಮಕ್ಕಳು ಕಡಿಯಲು ಅನುಮತಿ ಕೇಳಿದರೆ ಇದು ನೆಟ್ಟ ಮರ ಅಂತ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು.

3. ತಾನಾಗಿ ಹುಟ್ಟಿದ ಸಸಿಗೆ ಕಡ್ಡಿ ನೆಡಿ

ಇಡೀ ಬರಹದಲ್ಲಿ ಒಂದೇ ಹಂತ ಮಾಡುವಷ್ಟು ಪುರುಸೊತ್ತು ಇದೆ ಅಂದರೆ ಇದನ್ನು ಮಾಡಿ. ಖರ್ಚು ಕಡಿಮೆ, ಫಲ ಜಾಸ್ತಿ.

ಮೊದಲ ಮಳೆ ಬಿದ್ದ ಮೇಲೆ ದೊಡ್ಡ ಮರಗಳ ಬುಡದ ಸುತ್ತ, ಬೇಲಿಯ ಸಾಲಿನಲ್ಲಿ, ತೋಡಿನ ದಂಡೆಯಲ್ಲಿ ನಡೆದು ನೋಡಿ. ಹಕ್ಕಿ ಕೂರುವ ಕೊಂಬೆಯ ಕೆಳಗೆ ವಿಶೇಷವಾಗಿ ನೋಡಿ. ಮಂಗಟ್ಟೆ ಗೂಡಿನ ಮರ ಇದ್ದರಂತೂ ಅದರ ಬುಡವೇ ನರ್ಸರಿ. ಹೆಣ್ಣು ಹಕ್ಕಿ ಪೊಟರೆಯೊಳಗೆ ಸೇರಿ, ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಗಂಡು ತಂದ ಹಣ್ಣನ್ನು ಅದರಿಂದಲೇ ತೆಗೆದುಕೊಂಡು, ಬೀಜವನ್ನೂ ಹಿಕ್ಕೆಯನ್ನೂ ಅದರಿಂದಲೇ ಹೊರಗೆ ಹಾಕುತ್ತದೆ. ತೊಗಟೆಯ ಮೇಲೆ ಬಿಳಿ ಗೆರೆ ಇಳಿದಿರುತ್ತದೆ. ನೇರ ಕೆಳಗೆ ನಾಲ್ಕಾರು ಜಾತಿಯ ಬೀಜ ರಾಶಿ ಬಿದ್ದು ಮೊಳೆತಿರುತ್ತವೆ.

ಸಿಕ್ಕ ಸಸಿಗಳಲ್ಲಿ ಜಾಗ ಸರಿಯಿರುವುದನ್ನು ಆರಿಸಿ, ಪಕ್ಕದಲ್ಲಿ ಬಿಳಿ ಪೇಂಟು ಬಳಿದ ನಾಲ್ಕಡಿ ಬಿದಿರು ಕಡ್ಡಿ ನೆಡಿ. ಸುತ್ತ ಎರಡಡಿ ಕೈಯಲ್ಲೇ ಕಳೆ ತೆಗೆಸಿ. ಒತ್ತಾಗಿ ಹುಟ್ಟಿದವನ್ನು ಮಳೆ ಜೋರಿರುವಾಗ ಹೆಪ್ಪು ಮಣ್ಣಿನ ಸಮೇತ ಎತ್ತಿ ತೋಟದಲ್ಲೇ ಬೇರೆಡೆ ನೆಡಬಹುದು.

ಮಾಮೂಲಿ ತಪ್ಪು: ಮಾಲೀಕರು ಕಡ್ಡಿ ನೆಟ್ಟು ಖುಷಿಯಾಗಿ ಮನೆಗೆ ಹೋಗುತ್ತಾರೆ, ಕಳೆ ಹೊಡೆಯುವ ಮಿಷನ್ ಹಿಡಿದವರಿಗೆ ವಿಷಯವೇ ಗೊತ್ತಿರುವುದಿಲ್ಲ. ಬ್ರಷ್ ಕಟರ್ ಮುಂದೆ ಕಡ್ಡಿ ಯಾವ ಲೆಕ್ಕ? ಕಳೆ ಕೆಲಸ ಶುರುವಾಗುವ ಮುಂಚೆ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೂ ಮಿಷನ್‌ನವರನ್ನೂ ಕರೆದುಕೊಂಡು ಹೋಗಿ ಒಂದೊಂದನ್ನೇ ತೋರಿಸಿ. ವರ್ಷದ ಕೊನೆಗೆ ಉಳಿದ ಸಸಿಗೆ ಇಷ್ಟು ಅಂತ ಇನಾಮು ಇಟ್ಟರೆ ಇನ್ನೂ ಒಳ್ಳೆಯದು. ಕಡ್ಡಿಗಿಂತ ಇನಾಮೇ ಚೆನ್ನಾಗಿ ಕಾಯುತ್ತದೆ.

ಇನ್ನೊಂದು ಎಚ್ಚರಿಕೆ. ಮೀಸಲು ಅರಣ್ಯದಿಂದಲೋ ದೇವರಕಾಡಿನಿಂದಲೋ ಸಸಿ ಕಿತ್ತು ತರಬೇಡಿ. ಕಾಡಿನದು ಅಪರಾಧ. ದೇವರಕಾಡಿನದು ಏನು ಅಂತ ಊರಿನ ಮುಖ್ಯಸ್ಥರಾದ ತಕ್ಕರನ್ನು ಕೇಳಿ, ಅವರೇ ಹೇಳುತ್ತಾರೆ.

4. ಯಾವ ಮರ, ಎಲ್ಲಿ?

ಪಟ್ಟಿ ಕೈಯಲ್ಲಿದೆಯಲ್ಲ, ಈಗ ಇಲ್ಲದ್ದು ಯಾವುದು ಅಂತ ನೋಡಿ. ಒಂದೇ ಜಾತಿಯ ನೂರು ಗಿಡಕ್ಕಿಂತ ಹತ್ತು ಜಾತಿಯ ಹತ್ತತ್ತು ಗಿಡ ಮೇಲು. ತಿಂಗಳಿಗೊಂದು ಮರ ಹಣ್ಣೋ ಹೂವೋ ಬಿಡುವಂತಿದ್ದರೆ ಹಕ್ಕಿ, ಬಾವಲಿ, ಜೇನು ಎಲ್ಲಕ್ಕೂ ವರ್ಷವಿಡೀ ಊಟ.

ಆಲದ ಜಾತಿಯಿಂದಲೇ ಶುರು ಮಾಡಿ. ಅತ್ತಿ, ಬಸರಿ, ಗೋಣಿ ಎಲ್ಲ ಇದೇ ಕುಟುಂಬ. ಎಲ್ಲ ಮರ ಒಂದೇ ಸಲ ಹಣ್ಣು ಬಿಡುವುದಿಲ್ಲ, ಒಂದಲ್ಲ ಒಂದು ಹಣ್ಣಾಗಿರುತ್ತದೆ. ಕಾಡಿನಲ್ಲಿ ಬೇರೆ ಹಣ್ಣು ಇಲ್ಲದ ದಿನಗಳಲ್ಲಿ ಮಂಗಟ್ಟೆಗೂ ಹಸಿರು ಪಾರಿವಾಳಕ್ಕೂ ಇವೇ ಗತಿ. ಆದರೆ ಬೇರು ಬಹಳ ದೂರ ಹೋಗುತ್ತದೆ. ಮನೆ, ಬಾವಿ, ಕೆರೆ ಏರಿ, ಕಣದ ಹತ್ತಿರ ಹಾಕಬೇಡಿ. ತೋಟದ ಮೂಲೆಯಲ್ಲಿ, ಬೇಲಿಯಲ್ಲಿ ಒಂದೊಂದು ಸಾಕು.

ನೆರಳಿಗೆ ಬೇಗ ಬೇಕು ಅನ್ನುವವರಿಗೆ ಬಳಂಜಿ. ನಮ್ಮದೇ ಮರ, ಎತ್ತರಕ್ಕೆ ಬೇಗ ಹೋಗುತ್ತದೆ. ಎಲೆ ಉದುರಿಸಿ ಕೆಂಪು ಹೂ ಬಿಟ್ಟಾಗ ಮಕರಂದಕ್ಕೆ ಹಕ್ಕಿಗಳ ಸಂತೆ. ನಿಧಾನಕ್ಕೆ ಬೆಳೆದರೂ ಪರವಾಗಿಲ್ಲ ಅನ್ನುವವರಿಗೆ ಬೀಟೆ, ಹೊನ್ನೆ, ಮತ್ತಿ, ಹೆಬ್ಬಲಸು, ಧೂಪ. ತೋಡಿನ ಬದಿಗೆ ಹೊಳೆಮತ್ತಿ, ನೇರಳೆ, ಹೊಂಗೆ. ಮನೆಯ ಹತ್ತಿರದ ತಂಪು ಜಾಗಕ್ಕೆ ಅಶೋಕ, ಸಂಪಿಗೆ.

ಮೆಣಸು ಹಬ್ಬಿಸುವ ಆಸೆ ಇದ್ದರೆ ತೊಗಟೆ ನೋಡಿ ಆರಿಸಿ. ಹಲಸಿನ ಒರಟು ತೊಗಟೆಯಲ್ಲಿ ಬಳ್ಳಿ ಚೆನ್ನಾಗಿ ಹಿಡಿಯುತ್ತದೆ. ನಂದಿಯ ಸಿಪ್ಪೆ ಸುಲಿದು ಉದುರುತ್ತದೆ, ಅಲ್ಲಿ ಬಳ್ಳಿ ನಿಲ್ಲದು. ನಂದಿಯನ್ನು ನಂದಿಯಾಗಿಯೇ ಇರಲು ಬಿಡಿ.

ಅಡುಗೆಯ ಹುಳಿರಸ ಕಾಚಂಪುಳಿಗೆ ಅಂತ ಪನಪುಳಿ, ಅಂದರೆ ಉಪ್ಪಾಗೆ, ಹಾಕುವವರು ಒಂದು ವಿಷಯ ತಿಳಿದಿರಬೇಕು. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ಒಂದೇ ಒಂದು ನೆಟ್ಟು ವರ್ಷಗಟ್ಟಲೆ ಕಾದು, ಅದು ಗಂಡು ಅಂತ ಆಮೇಲೆ ಗೊತ್ತಾದರೆ ಏನು ಮಾಡುತ್ತೀರಿ? ನಾಲ್ಕಾರು ನೆಡಿ, ಇಲ್ಲವೇ ಕಸಿ ಗಿಡ ತನ್ನಿ.

ಆನೆಯ ಮಾತು ಬರಲೇಬೇಕು. ಹಲಸು, ಬೈನೆ, ಬಿದಿರು ಆನೆಯನ್ನು ಕರೆಯುತ್ತವೆ. ಆನೆ ಓಡಾಡುವ ಕಡೆ ಲೈನು ಮನೆಗಳ ಸುತ್ತ, ಕೆಲಸದವರು ಬೆಳಿಗ್ಗೆ ನಡೆಯುವ ದಾರಿಯಲ್ಲಿ ಇವನ್ನು ಹೊಸದಾಗಿ ನೆಡಬೇಡಿ. ಇರುವ ಹಲಸನ್ನು ಕಡಿಯಬೇಕಿಲ್ಲ, ಎಳೆಯದಿದ್ದಾಗಲೇ ಕಾಯಿ ಇಳಿಸಿಬಿಡಿ. ಜೀವವೈವಿಧ್ಯದ ಹೆಸರಿನಲ್ಲಿ ಕೂಲಿಗೆ ಬಂದವರ ಜೀವ ಪಣಕ್ಕಿಡುವುದು ನ್ಯಾಯವಲ್ಲ.

5. ಸಸಿ ಮತ್ತು ಬೀಜ

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿದರೆ ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ಪ್ರೋತ್ಸಾಹ ಧನವೂ ಉಂಟು. ಈಗಿನ ದರ, ಯಾವ ಜಾತಿಗೆ ಅನ್ವಯ ಅನ್ನುವುದನ್ನು ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ತಾಂತ್ರಿಕ ಸಲಹೆಗೆ ಪೊನ್ನಂಪೇಟೆಯ ಅರಣ್ಯ ಕಾಲೇಜು, ಕಾಫಿಗೆ ಸಂಬಂಧಿಸಿದ ನೆರಳಿನ ಪ್ರಶ್ನೆಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಇವೆ.

ಬೀಜದಿಂದಲೇ ಮಾಡುವವರಿಗೆ ಒಂದು ನಿಯಮ: ಹಸಿ ಬೀಜ, ಒಣ ಬೀಜ ಬೇರೆ ಬೇರೆ. ಧೂಪ, ನೇರಳೆ, ಹಲಸು ಹಸಿ ಬೀಜದವು. ಒಣಗಿದರೆ ಸತ್ತವು. ಬಿದ್ದ ವಾರದೊಳಗೆ ಚೀಲಕ್ಕೆ ಹಾಕಿ. ಇವನ್ನು ಬಿಸಿಲಿನಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯುವವರನ್ನು ಈಗಲೂ ನೋಡುತ್ತಿರುತ್ತೇನೆ. ಹೊನ್ನೆ, ತಾರೆ ಒಣ ಬೀಜದವು, ನೆನೆಸಿ ಹಾಕಿದರೆ ಬೇಗ ಮೊಳೆಯುತ್ತವೆ. ಉಪ್ಪಾಗೆ ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಚೀಲ ಚೆಲ್ಲಬೇಡಿ.

ಗೋಣಿ, ಬಸರಿ, ಆಲಕ್ಕೆ ಬೀಜದ ಗೋಜೇ ಬೇಡ. ಮಳೆಗೆ ಮುಂಚೆ ತೋಳು ದಪ್ಪದ ಆರಡಿ ಕೊಂಬೆ ಕಡಿದು, ಹಾಲು ಸೋರುವುದು ನಿಲ್ಲುವವರೆಗೆ ನೆರಳಿನಲ್ಲಿಡಿ. ಒಂದೂವರೆ ಅಡಿ ಆಳಕ್ಕೆ ಹೂತು, ಮೇಲ್ತುದಿಗೆ ಸಗಣಿ ಮೆತ್ತಿ. 

6. ನೆಡುವುದು

ಜೂನ್‌ನಲ್ಲಿ ಮಣ್ಣು ಚೆನ್ನಾಗಿ ನೆಂದ ಮೇಲೆ ನೆಡಿ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ದೊಡ್ಡ ಮರವಾಗುವ ಜಾತಿಗೆ ನಡುವೆ 30ರಿಂದ 40 ಅಡಿ ಬಿಡಿ. ಪ್ಲಾಸ್ಟಿಕ್ ಚೀಲ ಪೂರ್ತಿ ಹರಿದು ತೆಗೆಯಿರಿ, ತಳದಲ್ಲಿ ಸುರುಳಿ ಸುತ್ತಿದ ಬೇರು ಕತ್ತರಿಸಿ. ಅವಸರದಲ್ಲಿ ಚೀಲದ ಸಮೇತ ಹೂಳುವ ಆಳುಗಳಿರುತ್ತಾರೆ, ಅಲ್ಲೇ ನಿಂತು ನೋಡಿಕೊಳ್ಳಿ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿ. ಮೊದಲ ಎರಡು ಬೇಸಿಗೆ ತರಗೆಲೆಯ ಮುಚ್ಚಿಗೆ ಕೊಡಿ.

7. ಸಿಲ್ವರನ್ನು ಒಂದೇ ಸಲ ತೆಗೆಯಬೇಡಿ

ಉತ್ಸಾಹ ಬಂದಾಗ ಮರದ ವ್ಯಾಪಾರಿಯನ್ನು ಕರೆಸಿ ಎಲ್ಲ ಕಡಿಸಿಬಿಡುವವರಿದ್ದಾರೆ. ಅರೇಬಿಕಾ ತೋಟದಲ್ಲಿ ಹಾಗೆ ಮಾಡಿದರೆ ಬಿಸಿಲು ಒಮ್ಮೆಲೇ ಇಳಿದು ಕಾಂಡಕೊರಕಕ್ಕೆ ಹಬ್ಬ. ಇಳಿಜಾರಿನಲ್ಲಿ ಮಣ್ಣಿನ ಭಯ ಬೇರೆ. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದದ್ದನ್ನು ಯಾರಿಗೂ ನೆನಪಿಸಬೇಕಿಲ್ಲ. ಕಡಿದಾದ ಜಾಗದಲ್ಲಿ ಸಿಲ್ವರೇ ಆಗಲಿ, ಹೊಸ ಮರ ಬೇರು ಬಿಡುವವರೆಗೆ ನಿಂತಿರಲಿ.

ಹೊಸ ಸಸಿ ತಲೆಗಿಂತ ಎತ್ತರ ಆದ ಮೇಲೆ ಅದರ ಮೇಲೆ ಕವಿದ ಸಿಲ್ವರ್ ಕೊಂಬೆ ಸವರಿ. ಎರಡಾಳು ಎತ್ತರ ಆದ ಮೇಲೆ ಆ ಒಂದು ಸಿಲ್ವರ್ ತೆಗೆಯಿರಿ. ಹೀಗೆ ವರ್ಷಕ್ಕೆ ಸ್ವಲ್ಪ ಸ್ವಲ್ಪ. ಹಾಲವಾಣವನ್ನು ಕೆಳಗಿನ ನೆರಳಿಗೆ ಇಟ್ಟುಕೊಂಡರೆ ಈ ನಡುವಿನ ಕಾಲ ಸುಲಭವಾಗಿ ಸಾಗುತ್ತದೆ. ಪೂರ್ತಿ ಸಿಲ್ವರ್ ಹೋಗಲೇಬೇಕು ಅಂತಲೂ ಇಲ್ಲ. ಕಾಡುಮರದ ಜೊತೆಗೆ ಅಲ್ಲೊಂದು ಇಲ್ಲೊಂದು ಇದ್ದರೆ ಮನೆಯ ಖರ್ಚಿಗೆ ಆಯಿತು.

ಮರ ಕಪಾತಿನ, ಅಂದರೆ ಕೊಂಬೆ ಸವರುವ, ವಿಷಯದಲ್ಲಿ ಒಂದು ಎಚ್ಚರ. ಮಂಗಟ್ಟೆಯ ಗೂಡು ವರ್ಷದ ಮೊದಲ ತಿಂಗಳುಗಳಲ್ಲಿ ಶುರುವಾಗಿ ಮಳೆಗಾಲದ ಹೊಸ್ತಿಲವರೆಗೆ ಇರುತ್ತದೆ. ನಮ್ಮ ಕಪಾತು ಬರುವುದೂ ಏಪ್ರಿಲ್, ಮೇನಲ್ಲೇ. ಪೊಟರೆಯ ಮರಕ್ಕೆ ಏರಿಸುವ ಮುಂಚೆ ಅರ್ಧ ಗಂಟೆ ದೂರ ನಿಂತು ನೋಡಿ. ಗಂಡು ಹಕ್ಕಿ ಬಂದು ಹೋಗುತ್ತಿದ್ದರೆ ಆ ಮರವನ್ನು ಈ ಸಲ ಬಿಟ್ಟುಬಿಡಿ. ಗಂಡು ಬರುವುದು ನಿಂತರೆ ಒಳಗಿರುವ ತಾಯಿ, ಮರಿ ಎರಡಕ್ಕೂ ಊಟ ಇಲ್ಲ.

8. ಮರದ ಕೆಳಗಿನ ಲೋಕ

ಮರ ನೆಟ್ಟು ಕೆಳಗೆ ಕಳೆನಾಶಕ ಹೊಡೆದರೆ ಅರ್ಧ ಕೆಲಸ ನೀರುಪಾಲು. ಬದು, ಬೇಲಿ, ತೋಡಿನ ದಂಡೆ ಇವಕ್ಕೆ ಕಳೆನಾಶಕ ಬೇಡವೇ ಬೇಡ. ಕಕ್ಕಡ ತಿಂಗಳ 18ನೇ ದಿನ ಅಡುಗೆಗೆ ಬೇಕಾದ ಮದ್ದುಸೊಪ್ಪು ಎಲ್ಲೂ ಸಿಗುತ್ತಿಲ್ಲ ಅಂತ ಪ್ರತಿ ಆಗಸ್ಟ್‌ನಲ್ಲಿ ಗೊಣಗುತ್ತೇವಲ್ಲ, ಆ ಗಿಡ ಬೆಳೆಯುತ್ತಿದ್ದದ್ದು ಇದೇ ನೆರಳಿನ ಬದುಗಳಲ್ಲಿ. ಲಂಟಾನ, ಕಮ್ಯುನಿಸ್ಟ್ ಗಿಡ ಮಾತ್ರ ಬೇರು ಸಮೇತ ಕಿತ್ತು ಹಾಕಿ. ಹೊರಗಿನಿಂದ ಬಂದು ಎಲ್ಲವನ್ನೂ ಮುಚ್ಚಿಬಿಡುವ ಗಿಡಗಳು ಅವು.

ತೋಡಿನ ಎರಡೂ ಕಡೆ ಹತ್ತು ಹದಿನೈದು ಅಡಿ ಹಾಗೇ ಬಿಡಿ. ಮಳೆ ಹಿಡಿದಾಗ ಕೆರೆಯ ಮೇಲೆ ಬಾಗಿದ ಎಲೆಗಳಲ್ಲಿ ಮುಷ್ಟಿ ಗಾತ್ರದ ಬಿಳಿ ನೊರೆ ಅಂಟಿರುವುದು ಕಂಡಿದ್ದೀರಾ? ಅದು ಮಲಬಾರ್ ಹಾರುವ ಕಪ್ಪೆಯಂಥ ಮರಗಪ್ಪೆಗಳ ಗೂಡು. ಮೊಟ್ಟೆಯೊಡೆದ ಮರಿಗಳು ನೊರೆಯಿಂದ ಜಾರಿ ಕೆಳಗಿನ ನೀರಿಗೆ ಬೀಳುತ್ತವೆ. ಕೆರೆ ಚೊಕ್ಕಟ ಮಾಡುವ ನೆಪದಲ್ಲಿ ದಂಡೆಯ ಕೊಂಬೆಯೆಲ್ಲ ಕಡಿಸಿದರೆ ಅವು ಮೊಟ್ಟೆ ಇಡುವುದೆಲ್ಲಿ?

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರನ್ನು ತೋಡಿಗೆ ಬಿಡಬೇಡಿ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತದೆ. ನಮ್ಮ ಬಹುಪಾಲು ತೋಡು ಸೇರುವುದು ಕಾವೇರಿಗೆ. ಕಾವೇರಿ ಕಣಿವೆಯಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಡುಬ್ಬದ ಮಹಸೀರ್ ಮೀನು 2018ರಲ್ಲಿ ಕೆಂಪು ಪಟ್ಟಿಯ 'ತೀವ್ರ ಅಳಿವಿನಂಚು' ದರ್ಜೆಗೆ ಸೇರಿದೆ. ಅದರ ಮುಂದಿನ ಮೆಟ್ಟಿಲು ಹೊಳೆಯಿಂದಲೇ ಮಾಯ.

ಇನ್ನು ಜೇನು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅದನ್ನು ಹೊತ್ತು ತರುವವರಲ್ಲಿ ಜೇನಿನದು ದೊಡ್ಡ ಪಾಲು. ಹೆಜ್ಜೇನಿಗೆ ಎತ್ತರದ ದೊಡ್ಡ ಮರ ಬೇಕು, ತುಡುವೆ ಜೇನಿಗೆ ಪೊಟರೆ ಬೇಕು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ ದಕ್ಷಿಣ ಭಾರತದ ತುಡುವೆ ಕುಟುಂಬಗಳು ಹೇಗೆ ನಾಶವಾದವು ಅಂತ ಭಾಗಮಂಡಲದ ಕಡೆಯ ಹಳೆಯ ಜೇನು ಸಾಕಣೆಗಾರರನ್ನು ಕೇಳಿ ನೋಡಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆ ದಿನಗಳಲ್ಲಿ ಕೀಟನಾಶಕ ಸಿಂಪಡಿಸಬೇಡಿ.

9. ಪಟ್ಟಿಯನ್ನು ಪಂಚಾಯಿತಿಗೂ ಕೊಡಿ

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ಬೆಳೆ, ಅವುಗಳ ಬಗ್ಗೆ ಜನರ ತಿಳಿವಳಿಕೆ ಎಲ್ಲವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ಮಾಡುವುದು ಅದರ ಕೆಲಸ. ನಿಮ್ಮ ನೋಟ್‌ಬುಕ್ಕಿನ ಪ್ರತಿ ಮಾಡಿಸಿ ಅಲ್ಲಿಗೆ ಕೊಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಹಿ ಹಾಕಿಸಿಕೊಳ್ಳಿ. ಮೊಬೈಲಿನಲ್ಲಿ ಐನ್ಯಾಚುರಲಿಸ್ಟ್ ಆ್ಯಪ್ ಹಾಕಿಕೊಂಡರೆ ಗೊತ್ತಿಲ್ಲದ ಗಿಡ, ಹಕ್ಕಿ ಗುರುತಿಸಲು ಸಹಾಯ ಆಗುತ್ತದೆ, ಕಂಡ ಹಕ್ಕಿಗಳ ಲೆಕ್ಕ ಇಡಲು ಇಬರ್ಡ್ ಇದೆ. ಆದರೆ ಗೂಡಿನ ಜಾಗ, ಬೀಟೆ, ಗಂಧದ ಮರದ ನಿಖರ ಜಾಗ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಕಳ್ಳರೂ ಮೊಬೈಲ್ ನೋಡುತ್ತಾರೆ.

ಮರು ಎಣಿಕೆಗೆ ಬೇರೆ ದಿನ ಹುಡುಕಬೇಡಿ. ಹುತ್ತರಿ ಹಬ್ಬ ಕಳೆದು ಕಾಫಿ ಕುಯ್ಲು ನಡೆಯುವಾಗ ತೋಟದ ಪ್ರತಿ ಸಾಲಿಗೂ ಜನ ಹೇಗೂ ಹೋಗುತ್ತಾರೆ. ಅವರ ಹಿಂದೆ ನೋಟ್‌ಬುಕ್ ಹಿಡಿದು ನೀವೂ ಹೋಗಿ. ಬಿಳಿ ಕಡ್ಡಿಯ ಪಕ್ಕ ಸಸಿ ಇದ್ದರೆ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು. ತಪ್ಪು ಗುರುತು ಎಲ್ಲಿ ಜಾಸ್ತಿ ಇದೆಯೋ ಅಲ್ಲಿಗೆ ಮುಂದಿನ ಜೂನ್‌ನ ಗುಂಡಿಗಳು.